ಶಾಟ್ ತಪ್ಪಿದ ಕೂಡಲೇ ಬೆಂಚು ನೋಡುವ ಹುಡುಗ: ಕಾಲೇಜು ಬಾಸ್ಕೆಟ್‌ಬಾಲ್ ಕೋಚ್‌ಗಳಿಗೆ ಒಂದು ಮಾರ್ಗದರ್ಶಿ

ಪ್ರಾಕ್ಟೀಸ್‌ನಲ್ಲಿ ಹತ್ತಕ್ಕೆ ಏಳು ಬಾಲ್ ಹಾಕುವ ಹುಡುಗ ಮ್ಯಾಚಿನಲ್ಲಿ ರಿಂಗಿಗೂ ಮುಟ್ಟಿಸುವುದಿಲ್ಲ. ಇಂಥವನೊಬ್ಬ ಪ್ರತಿ ಕಾಲೇಜು ಟೀಮಿನಲ್ಲೂ ಇರುತ್ತಾನೆ. ಮಂಗಳೂರು, ಉಡುಪಿ ಕಡೆಯ ಕಾಲೇಜು ಕೋರ್ಟ್‌ಗಳಲ್ಲಿ ನಾನು ಮೊದಲು ಆಟಗಾರನಾಗಿ ನಿಂತಿದ್ದೆ. ಆಮೇಲೆ ಪಿ.ಡಿ. ಸರ್ (ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು) ಜೊತೆ ಸೇರಿ ಟೀಮು ತಯಾರು ಮಾಡುವ ಕೆಲಸಕ್ಕೆ ನಿಂತೆ. ಇಂಥ ಹುಡುಗರ ಬಗ್ಗೆ ನಾವು ಎಷ್ಟು ಬೇಗ ತೀರ್ಮಾನಕ್ಕೆ ಬರುತ್ತೇವೆ ಅಂತ ನನಗೆ ಚೆನ್ನಾಗಿ ಗೊತ್ತು. "ಅವನಿಗೆ ಧೈರ್ಯ ಇಲ್ಲ ಮಾರಾಯ." "ಅವನ ತಲೆ ಬೇರೆ ಎಲ್ಲೋ ಉಂಟು." ಅಲ್ಲಿಗೆ ಅವನ ಕಥೆ ಮುಗಿಯಿತು.

ಒಂದು ಸಣ್ಣ ಗುರುತು ಹೇಳುತ್ತೇನೆ. ಶಾಟ್ ತಪ್ಪಿದ ಮರುಕ್ಷಣ ಅವನ ಕಣ್ಣು ಎಲ್ಲಿಗೆ ಹೋಗುತ್ತದೆ ನೋಡಿ. ಬಾಲ್ ಹಿಂದೆ ಹೋದರೆ ಅವನ ತೊಂದರೆ ಬಹುಶಃ ಕೈಯಲ್ಲಿ, ಕಾಲಲ್ಲಿ ಇದೆ. ಬೆಂಚಿನ ಕಡೆಗೆ, ಅಂದರೆ ನಿಮ್ಮ ಮುಖದ ಕಡೆಗೆ ಹೋದರೆ ಆ ತೊಂದರೆಯಲ್ಲಿ ನಿಮ್ಮ ಪಾಲೂ ಉಂಟು. ಈ ಲೇಖನ ಹೆಚ್ಚಾಗಿ ಆ ಎರಡನೇ ಹುಡುಗನಿಗಾಗಿ.

ಮೊದಲ ಹೆಜ್ಜೆ: ಬಿದ್ದದ್ದು ಆಟವೋ, ಬೇರೆ ಏನಾದರೂವೋ?

ಕೋಚಿಂಗ್ ಬದಲಿಸುವ ಮೊದಲು ಹುಡುಗನ ದಿನ ಹೇಗಿದೆ ಅಂತ ಕೇಳಿ ತಿಳಿದುಕೊಳ್ಳಿ. ಕರೆದು ಎದುರಿಗೆ ನಿಲ್ಲಿಸಿಕೊಂಡು ಕೇಳಬೇಡಿ. ಪ್ರಾಕ್ಟೀಸ್ ಮುಗಿದು ಬಾಲ್‌ಗಳನ್ನು ಚೀಲಕ್ಕೆ ತುಂಬುವಾಗ, ಪಕ್ಕದಲ್ಲಿ ನಡೆಯುತ್ತಾ ಕೇಳಿ. ಎಷ್ಟು ಗಂಟೆಗೆ ಏಳುತ್ತಾನೆ? ಯಾವ ಬಸ್ಸು? ಬೆಳಿಗ್ಗೆ ಏನು ತಿಂದು ಬರುತ್ತಾನೆ?

ನಮ್ಮ ಟೀಮಿನಲ್ಲಿ ದ್ವಿತೀಯ ಬಿ.ಕಾಂ.ನ ಒಬ್ಬ ಹುಡುಗ ಇದ್ದ. ಸುರತ್ಕಲ್‌ನಿಂದಲೂ ಆಚೆಗಿನ ಊರು. ಆರೂವರೆಯ ಪ್ರಾಕ್ಟೀಸ್‌ಗೆ ಬರಬೇಕಾದರೆ ಮೊದಲ ಬಸ್ಸನ್ನೇ ಹಿಡಿಯಬೇಕು. ಮನೆಯಿಂದ ಹೊರಡುವಾಗ ಒಂದು ಲೋಟ ಚಾ, ಅಷ್ಟೇ. ಏಳೂವರೆ ಹೊತ್ತಿಗೆ ಅವನ ಶಾಟ್‌ಗಳೆಲ್ಲ ಗಿಡ್ಡ ಬೀಳುತ್ತಿದ್ದವು, ರಿಂಗಿನ ಮುಂದಿನ ಅಂಚಿಗೆ ಬಡಿದು ವಾಪಸ್. ಕಾಲಲ್ಲಿ ಶಕ್ತಿ ಇಲ್ಲದಿದ್ದರೆ ಶಾಟ್ ಗಿಡ್ಡ ಬೀಳುತ್ತದೆ, ಯಾಕೆಂದರೆ ಬಾಲನ್ನು ಮೇಲೆ ಕಳುಹಿಸುವ ಕೆಲಸ ಅರ್ಧ ಮೊಣಕಾಲಿನದ್ದು. ನಾವು ಮಾತ್ರ "ಕೈ ಚಾಚು, ಕೈ ಚಾಚು" ಅಂತ ಕೂಗುತ್ತಿದ್ದೆವು. ಎರಡು ಬಾಳೆಹಣ್ಣಿನಿಂದ ಸರಿಹೋಗಬಹುದಾದ ಸಂಗತಿ ಅದು.

ಅವನು ಯಾಕೆ ಹೇಳಲಿಲ್ಲ? ಅದನ್ನು ಯೋಚಿಸಬೇಕು. ಹಿಂದಿನ ತಿಂಗಳು ಕಾಲು ಉಳುಕಿದೆ ಅಂದ ಇನ್ನೊಬ್ಬನಿಗೆ ಕೋಚ್ ಎಲ್ಲರ ಎದುರು "ನೆಪ ಹೇಳ್ಬೇಡ" ಅಂದಿದ್ದರು. ಇವನು ಅದನ್ನು ಕೇಳಿಸಿಕೊಂಡಿದ್ದ. ಗದರುವ ಕೋಚ್‌ಗೆ ಆಗುವ ದೊಡ್ಡ ನಷ್ಟ ಇದೇ: ಹುಡುಗರು ವಿಷಯ ಮುಚ್ಚಿಡುತ್ತಾರೆ. ನೋವು, ಹಸಿವು, ಅರ್ಥವಾಗದ ಪ್ಲೇ (ಆಟದ ಯೋಜನೆ), ಎಲ್ಲಕ್ಕೂ "ಹೌದು ಸರ್" ಅನ್ನುತ್ತಾರೆ.

ಸಾಮಾನುಗಳನ್ನೂ ನೋಡಿ. ಹುಡುಗಿಯರ ಟೀಮಿಗೆ 6ನೇ ಸೈಜಿನ ಬಾಲ್ ಬೇಕು. ಹುಡುಗರ 7ನೇ ಸೈಜಿಗಿಂತ ಅದು ಸಣ್ಣದು, ತೂಕವೂ ಕಡಿಮೆ. ಕಾಲೇಜಿನಲ್ಲಿ ಇರುವುದು ಬರೀ 7ರ ಬಾಲ್ ಅಂತ ಅದರಲ್ಲೇ ವರ್ಷವಿಡೀ ಪ್ರಾಕ್ಟೀಸ್ ಮಾಡಿಸಿ, ಟೂರ್ನಮೆಂಟ್‌ನಲ್ಲಿ 6ರ ಬಾಲ್ ಕೈಗೆ ಕೊಟ್ಟರೆ ಶಾಟ್ ಎಲ್ಲ ಬೋರ್ಡಿನಾಚೆ ಹೋಗುತ್ತದೆ. ಆಮೇಲೆ "ಟೆನ್ಶನ್ ಮಾಡಿಕೊಂಡಳು" ಅನ್ನುತ್ತೇವೆ.

ಎರಡನೇ ಹೆಜ್ಜೆ: ನಿಮ್ಮ ಮಾತನ್ನು ಎಣಿಸಿ

ಇದು ಎಲ್ಲಕ್ಕಿಂತ ಮುಖ್ಯ. ಮಾಡಲು ಮನಸ್ಸು ಬಾರದ ಕೆಲಸವೂ ಇದೇ.

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ಜಾನ್ ವುಡನ್ ಎಂಬ ಕೋಚ್ ಇದ್ದರು. ಅವರ ಯು.ಸಿ.ಎಲ್.ಎ. (ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಟೀಮು 1964ರಿಂದ 1975ರವರೆಗಿನ 12 ವರ್ಷಗಳಲ್ಲಿ 10 ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು. ಅವರ ಕೊನೆಯ ಸೀಸನ್‌ನಲ್ಲಿ, ಅಂದರೆ 1974–75ರಲ್ಲಿ, ರೊನಾಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಾಕ್ಟೀಸ್ ನಡೆಯುವ ಕಡೆ ಕೂತು ಅವರ ಬಾಯಿಂದ ಬಂದ ಮಾತುಗಳನ್ನು ಎಣಿಸಿದರು. 15 ಪ್ರಾಕ್ಟೀಸ್‌ಗಳಲ್ಲಿ ಸಿಕ್ಕಿದ್ದು 2,326. ಅದರಲ್ಲಿ ಸರಿಸುಮಾರು ಅರ್ಧ ಬರೀ ಹೇಳಿಕೊಡುವ ಮಾತು: ಏನು ಮಾಡಬೇಕು, ಹೇಗೆ ಮಾಡಬೇಕು. ಹೊಗಳಿಕೆ ನೂರಕ್ಕೆ ಏಳರಷ್ಟೂ ಇರಲಿಲ್ಲ. ಬೈಗುಳವೂ ಕಡಿಮೆಯೇ. ಭಾಷಣ ಇರಲೇ ಇಲ್ಲ ಅನ್ನಬಹುದು. ಒಂದೊಂದು ಮಾತೂ ಕೆಲವೇ ಸೆಕೆಂಡಿನದ್ದು.

ಇದನ್ನು ಓದಿದ ಮೇಲೆ ನಾನು ನಮ್ಮ ಕೋರ್ಟಿನಲ್ಲೂ ಎಣಿಸಿ ನೋಡಿದೆ. ನೀವೂ ಮಾಡಿ, ಕಷ್ಟವಿಲ್ಲ. ಪೆಟ್ಟು ಮಾಡಿಕೊಂಡು ಹೊರಗೆ ಕೂತ ಆಟಗಾರನ ಕೈಗೆ ಒಂದು ನೋಟ್‌ಬುಕ್ ಕೊಡಿ. ಪುಟದಲ್ಲಿ ನಾಲ್ಕು ಕಂಬ ಎಳೆಯಿರಿ: ಹೇಳಿಕೊಟ್ಟದ್ದು, ಬೈದದ್ದು, ಹೊಗಳಿದ್ದು, ಸುಮ್ನೆ ಕೂಗಿದ್ದು. ಎಡಗಡೆ ಆಟಗಾರರ ಹೆಸರು. ನೀವು ಬಾಯಿ ತೆರೆದಾಗಲೆಲ್ಲ ಯಾರಿಗೆ, ಯಾವ ಕಂಬದಲ್ಲಿ ಅಂತ ಒಂದು ಗೆರೆ. ಇಪ್ಪತ್ತು ನಿಮಿಷ ಸಾಕು.

ನಮ್ಮ ಪುಟದಲ್ಲಿ ಕಂಡದ್ದು ಇದು. ಟೀಮಿನ ಒಳ್ಳೆಯ ಆಟಗಾರನ ಹೆಸರಿನ ಮುಂದೆ ಹೇಳಿಕೊಟ್ಟ ಗೆರೆಗಳೇ ಜಾಸ್ತಿ. "ಎಡಗಡೆ ತಿರುಗು", "ಸ್ಕ್ರೀನ್ ಬಂತು, ಕೆಳಗಿಂದ ಹೋಗು" ಅಂತೆಲ್ಲ. (ಸ್ಕ್ರೀನ್ ಅಂದರೆ ಜೊತೆಗಾರನಿಗೆ ದಾರಿ ಮಾಡಲು ಎದುರಾಳಿಗೆ ಅಡ್ಡ ನಿಲ್ಲುವುದು.) ಆಟ ಕೈಕೊಟ್ಟ ಹುಡುಗನ ಮುಂದೆ "ಏ, ನೋಡ್ಕೊಂಡು ಆಡೋ", "ಎಂತದಾ ನಿಂದು" ಅಷ್ಟೇ. ಅವನಿಗೆ ಹೇಳಿಕೊಟ್ಟದ್ದು ಒಂದೇ ಒಂದು ಗೆರೆ. ಪಾಠ ಯಾರಿಗೆ ಬೇಕಿತ್ತೋ ಅವನಿಗೇ ಕಡಿಮೆ ಸಿಕ್ಕಿತ್ತು.

ಇದು ಬೇಕಂತ ಮಾಡಿದ್ದಲ್ಲ. ಒಬ್ಬನ ಬಗ್ಗೆ ನಿರೀಕ್ಷೆ ಕಡಿಮೆಯಾದರೆ ಅವನ ಮೇಲೆ ಸಮಯ ಹಾಕುವುದು ತಾನಾಗಿ ಕಡಿಮೆಯಾಗುತ್ತದೆ. ಸಮಯ ಕಡಿಮೆಯಾದರೆ ಅವನು ಕಲಿಯುವುದಿಲ್ಲ. ಕಲಿಯದಿದ್ದಾಗ "ನಾನು ಮೊದಲೇ ಹೇಳಿದ್ದೆ ಅಲ್ವಾ" ಅನ್ನುತ್ತೇವೆ. ಗಾಣದೆತ್ತಿನ ಹಾಗೆ ಅಲ್ಲಲ್ಲೇ ಸುತ್ತು. ಇದನ್ನು ಒಡೆಯಲು ಹುಡುಗನಿಂದ ಆಗದು, ಕೋಚೇ ಒಡೆಯಬೇಕು.

ಮೂರನೇ ಹೆಜ್ಜೆ: ಬೈಗುಳದ ಜಾಗದಲ್ಲಿ ಒಂದು ಕೆಲಸ ಕೊಡಿ

"ಹಾಗಾದರೆ ಬೈಯಲೇ ಬಾರದಾ?" ಅಂತ ಹಿರಿಯ ಕೋಚ್‌ಗಳು ಕೇಳುತ್ತಾರೆ. ದನಿ ಏರಿಸುವುದು ಬೇರೆ, ಬೈಯುವುದು ಬೇರೆ. ಕೋರ್ಟಿನಲ್ಲಿ ಹತ್ತು ಜನರ ಬೂಟಿನ ಸದ್ದು, ಹೊರಗೆ ಹುಡುಗರ ಗಲಾಟೆ. ದನಿ ಏರಿಸದೆ ಆಗುವುದಿಲ್ಲ. ಆದರೆ ಕೂಗಿದ ಮಾತಿನೊಳಗೆ ಅವನು ಮಾಡಬಹುದಾದ ಒಂದು ಕೆಲಸ ಇರಬೇಕು.

"ರಿಬೌಂಡ್ ಬಿಟ್ಟೆಯಲ್ಲ, ಕಣ್ಣು ಕಾಣ್ಲಿಲ್ವಾ?" ಎಂಬುದರಲ್ಲಿ ಕೆಲಸ ಇಲ್ಲ. (ರಿಬೌಂಡ್ ಅಂದರೆ ತಪ್ಪಿದ ಶಾಟ್ ವಾಪಸ್ ಬಂದಾಗ ಬಾಲ್ ಹಿಡಿಯುವುದು.) "ಶಾಟ್ ಬಿಟ್ಟ ಕೂಡಲೇ ಬಾಲ್ ನೋಡ್ಬೇಡ, ನಿನ್ನ ಆಳನ್ನು ಬೆನ್ನಿಂದ ತಡಿ" ಎಂಬುದರಲ್ಲಿ ಉಂಟು. ದನಿ ಎರಡರಲ್ಲೂ ಜೋರಾಗಿದ್ದರೂ ಎರಡನೆಯದು ಅವನ ಕೈಗೆ ಏನೋ ಕೊಡುತ್ತದೆ.

ನಮ್ಮ ಊರಿನಲ್ಲಿ ಇದನ್ನು ಕಲಿಯಲು ಒಂದು ರಾತ್ರಿ ಯಕ್ಷಗಾನ ನೋಡಿದರೂ ಸಾಕು. ಎಳೆಯ ವೇಷಧಾರಿ ತಾಳ ತಪ್ಪಿದರೆ ಒಳ್ಳೆಯ ಭಾಗವತರು ಪದ ನಿಲ್ಲಿಸಿ ಗದರುವುದಿಲ್ಲ. ಜಾಗಟೆಯ ಪೆಟ್ಟನ್ನು ಸ್ವಲ್ಪ ಗಟ್ಟಿ ಮಾಡುತ್ತಾರೆ, ಅದೇ ಸಾಲನ್ನು ಇನ್ನೊಮ್ಮೆ ಎತ್ತಿಕೊಡುತ್ತಾರೆ. ಹುಡುಗ ಹೆಜ್ಜೆ ಹಿಡಿಯುತ್ತಾನೆ. ಎದುರು ಕೂತವರಿಗೆ ತಪ್ಪಿದ್ದೇ ಗೊತ್ತಾಗುವುದಿಲ್ಲ. ಗದರುವುದೇನಿದ್ದರೂ ಆಮೇಲೆ, ವೇಷ ಕಟ್ಟುವ ಚೌಕಿಯಲ್ಲಿ.

ಎದುರಾಳಿ ಫೌಲ್ ಮಾಡಿದಾಗ ಸಿಗುವ ಫ್ರೀ ಥ್ರೋ ಒಂದನ್ನೇ ತೆಗೆದುಕೊಳ್ಳಿ. ಗೆರೆಯಿಂದ ಬೋರ್ಡಿಗೆ 4.6 ಮೀಟರ್. ರಿಂಗ್ ನೆಲದಿಂದ 3.05 ಮೀಟರ್ ಎತ್ತರ, ಒಳ ಅಗಲ 45 ಸೆಂಟಿಮೀಟರ್. ಬಾಲಿನ ಅಗಲ ಸುಮಾರು 24. ಅಂದರೆ ರಿಂಗಿನೊಳಗೆ ಬಾಲಿಗೆ ಧಾರಾಳ ಜಾಗ ಉಂಟು. ರೆಫರಿ ಬಾಲ್ ಕೊಟ್ಟ ಮೇಲೆ ಎಸೆಯಲು 5 ಸೆಕೆಂಡು. ತಡೆಯುವವರು ಯಾರೂ ಇಲ್ಲ. ಆದರೂ ಆಟ ಕೈಕೊಟ್ಟ ಹುಡುಗನಿಗೆ ಇದೇ ಅತಿ ಕಷ್ಟದ ಶಾಟ್, ಯಾಕೆಂದರೆ ಎಲ್ಲರೂ ಅವನೊಬ್ಬನನ್ನೇ ನೋಡುತ್ತಿರುತ್ತಾರೆ. ಆ ಹೊತ್ತಿಗೆ ಬೆಂಚಿನಿಂದ "ಮೊಣಕೈ ಒಳಗೆ! ಮಣಿಕಟ್ಟು ಮಡಚು! ಬೆರಳು!" ಅಂತ ಕೂಗಿದರೆ ಅವನು ಬಾಲನ್ನು ಬಿಟ್ಟು ತನ್ನ ಕೈಯನ್ನೇ ಯೋಚಿಸುತ್ತಾನೆ. ಅಭ್ಯಾಸವಾದ ಕೆಲಸದ ನಡುವೆ ಮೈಯ ಭಾಗಗಳ ಮೇಲೆ ಗಮನ ಹೋದರೆ ಕೆಲಸ ಕೆಡುತ್ತದೆ, ಹೊರಗಿನ ಗುರಿಯ ಮೇಲೆ ಇದ್ದರೆ ಚೆನ್ನಾಗಿ ಆಗುತ್ತದೆ. ಗೇಬ್ರಿಯೆಲೆ ವುಲ್ಫ್ ಎಂಬ ಸಂಶೋಧಕಿ ಇದನ್ನು ಹಲವು ಆಟಗಳಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ಹಾಗಾಗಿ ಮೊಣಕೈ ಪಾಠ ಪ್ರಾಕ್ಟೀಸ್‌ಗೆ ಇರಲಿ. ಮ್ಯಾಚಿನಲ್ಲಿ ಒಂದೇ ಮಾತು: "ರಿಂಗಿನ ಹಿಂದಿನ ಅಂಚು ನೋಡು." ಅಥವಾ ಏನೂ ಹೇಳಬೇಡಿ.

ಟೈಮ್‌ಔಟ್‌ಗೂ ಇದೇ ಲೆಕ್ಕ. ಒಂದು ಟೈಮ್‌ಔಟ್ ಅಂದರೆ ಒಂದೇ ನಿಮಿಷ. ಮೊದಲ ಅರ್ಧದಲ್ಲಿ ಎರಡು, ಎರಡನೇ ಅರ್ಧದಲ್ಲಿ ಮೂರು. ಆ ನಿಮಿಷದಲ್ಲಿ ಒಬ್ಬನ ತಪ್ಪನ್ನೇ ಮೂವತ್ತು ಸೆಕೆಂಡು ಎತ್ತಿ ಆಡಿದರೆ ಉಳಿದ ನಾಲ್ವರಿಗೆ ಏನೂ ಸಿಗುವುದಿಲ್ಲ, ಅವನಿಗೂ ಸಿಗುವುದಿಲ್ಲ.

ನಾಲ್ಕನೇ ಹೆಜ್ಜೆ: ತಪ್ಪಿದ ಕೂಡಲೇ ಹೊರಗೆ ಕರೆಯಬೇಡಿ

ಫುಟ್‌ಬಾಲ್‌ನಲ್ಲಿ ಹೊರಗೆ ಹೋದವನು ಮತ್ತೆ ಒಳಗೆ ಬರುವ ಹಾಗಿಲ್ಲ, ಹಾಗಾಗಿ ಕೋಚ್ ಹತ್ತು ಸಲ ಯೋಚಿಸುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಬದಲಾವಣೆಗೆ ಮಿತಿ ಇಲ್ಲ. ಇದು ಆಟದ ಸೊಗಸು. ಇದೇ ಕೋಚ್ ಕೈಗೆ ಸಿಕ್ಕ ಕೋಲೂ ಹೌದು. ಒಂದು ಪಾಸ್ ತಪ್ಪಿತು, ಹೊರಗೆ ಬಾ. ಇನ್ನೊಂದು ಶಾಟ್ ತಪ್ಪಿತು, ಕೂತ್ಕೋ.

ನಮ್ಮ ಕಡೆಯ ಎಷ್ಟೋ ಟೂರ್ನಮೆಂಟ್‌ಗಳು ನಾಕೌಟ್. ಬೆಳಿಗ್ಗೆ ಸೋತರೆ ಮಧ್ಯಾಹ್ನದ ಬಸ್ಸಿಗೆ ಮನೆ. ಕೋಚ್‌ಗೂ ಒತ್ತಡ ಉಂಟು, ಇಲ್ಲ ಅನ್ನುವುದಿಲ್ಲ. ಆದರೆ ತಪ್ಪಿಗೆ ಹೊರಗೆ ಕರೆಯುವ ಅಭ್ಯಾಸ ಹುಡುಗನಿಗೆ ಕಲಿಸುವುದು ಒಂದನ್ನೇ: ಬಾಲ್ ಕೈಗೆ ಬಾರದ ಹಾಗೆ ಆಡು. ಅವನು ಮೂಲೆಗೆ ಹೋಗಿ ನಿಲ್ಲುತ್ತಾನೆ. ತೆರೆದ ಶಾಟ್ ಸಿಕ್ಕರೂ ಪಾಸ್ ಮಾಡುತ್ತಾನೆ. ಆಮೇಲೆ ಅದಕ್ಕೂ ಬೈಸಿಕೊಳ್ಳುತ್ತಾನೆ.

ಇದಕ್ಕೆ ನಾನು ಕಂಡ ದಾರಿ: ಸಮಯವನ್ನು ಮೊದಲೇ ಹೇಳಿಬಿಡಿ. ಮ್ಯಾಚಿನ ನಾಲ್ಕು ಕ್ವಾರ್ಟರ್‌ಗಳಲ್ಲಿ ಒಂದೊಂದೂ 10 ನಿಮಿಷದ್ದು. "ಎರಡನೇ ಕ್ವಾರ್ಟರ್‌ನ ಮೊದಲ ನಾಲ್ಕು ನಿಮಿಷ ನಿನ್ನದು. ಏನೇ ಆದರೂ ಆ ನಾಲ್ಕು ನಿಮಿಷ ತೆಗೆಯುವುದಿಲ್ಲ." ಹೀಗೆ ಹೇಳಿ ಆ ಮಾತಿಗೆ ನಿಲ್ಲಿ. ಮೊದಲ ಎರಡು ಮ್ಯಾಚಿನಲ್ಲಿ ನಿಮಗೆ ಹೊಟ್ಟೆ ಉರಿಯುತ್ತದೆ. ಆದರೂ ನಿಲ್ಲಿ. ಫೈನಲ್‌ನಲ್ಲಿ ಇದನ್ನು ಶುರು ಮಾಡಬೇಡಿ, ಫ್ರೆಂಡ್ಲಿ ಮ್ಯಾಚ್‌ಗಳಲ್ಲಿ ಶುರು ಮಾಡಿ. ಆ ನಾಲ್ಕು ನಿಮಿಷಕ್ಕೆ ಪಾಯಿಂಟಿನ ಗುರಿ ಇಡಬೇಡಿ. ಇಂಥವನನ್ನು ತಡಿ, ಪ್ರತಿ ಶಾಟಿಗೂ ಬಾಕ್ಸ್‌ಔಟ್ ಮಾಡು (ನಿನ್ನ ಆಳನ್ನು ಬೆನ್ನಿಂದ ತಡಿ), ಎರಡು ಸಲ ಸ್ಕ್ರೀನ್ ಕೊಡು. ಬಾಲ್ ರಿಂಗಿಗೆ ಬೀಳುವುದು ಅವನ ಕೈಯಲ್ಲಿ ಪೂರ್ತಿ ಇಲ್ಲ. ಇವು ಅವನ ಕೈಯಲ್ಲಿ ಉಂಟು.

ಹೊರಗೆ ಕರೆಯಲೇಬೇಕಾದರೆ ಅವನು ಒಂದು ಒಳ್ಳೆಯ ಕೆಲಸ ಮಾಡಿದ ಮೇಲೆ ಕರೆಯಿರಿ. ಪಕ್ಕದಲ್ಲೇ ಕೂರಿಸಿಕೊಳ್ಳಿ. ಬೆಂಚಿನ ಆ ತುದಿಗೆ ಕಳುಹಿಸಬೇಡಿ.

ಐದನೇ ಹೆಜ್ಜೆ: ಅವನಿಗೆ ಯಾವ ಬಗೆ ಹಿಡಿಸುತ್ತದೆ ಅಂತ ಕೇಳಿ

ಕೋಚ್‌ಗಳ ಶೈಲಿಯನ್ನು ಅಳೆಯಲು ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಪ್ರಶ್ನಾವಳಿಯ ಹಿಂದೆ ಒಬ್ಬ ಭಾರತೀಯರಿದ್ದಾರೆ ಎಂಬುದು ನಮಗೆ ಹೆಮ್ಮೆಯ ವಿಷಯ. ಇಲ್ಲಿಂದ ಕೆನಡಾಕ್ಕೆ ಹೋದ ಪಿ. ಚೆಲ್ಲದುರೈ 1980ರಲ್ಲಿ ಸಹೋದ್ಯೋಗಿಯ ಜೊತೆ ಅದನ್ನು ತಯಾರಿಸಿದರು. ಅದರಲ್ಲಿ ಕೋಚ್‌ನ ನಡವಳಿಕೆಗೆ ಐದು ಮುಖ: ತರಬೇತಿ ಕೊಡುವುದು, ಆಟಗಾರರನ್ನು ಕೇಳಿ ತೀರ್ಮಾನಿಸುವುದು, ತಾನೇ ತೀರ್ಮಾನಿಸುವುದು, ಕಷ್ಟಸುಖ ವಿಚಾರಿಸುವುದು, ಒಳ್ಳೆಯ ಆಟವನ್ನು ಮೆಚ್ಚುವುದು. ಅವರು ಹೇಳುವ ಮುಖ್ಯ ವಿಷಯ ಹೊಂದಾಣಿಕೆ. ಸಂದರ್ಭ ಬೇಡುವುದು, ಆಟಗಾರ ಬಯಸುವುದು, ಕೋಚ್ ನಿಜವಾಗಿ ಮಾಡುವುದು, ಈ ಮೂರೂ ಹತ್ತಿರ ಇದ್ದಷ್ಟು ಆಟವೂ ಒಳ್ಳೆಯದು, ಆಟಗಾರನಿಗೂ ಖುಷಿ.

ಹಾಗಾಗಿ "ಕಟ್ಟುನಿಟ್ಟು ಒಳ್ಳೆಯದಾ, ಸಲಿಗೆ ಒಳ್ಳೆಯದಾ" ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಜೋರಾಗಿ ಹೇಳಿದರೆ ಎಚ್ಚರವಾಗುವ ಹುಡುಗರೂ ಇದ್ದಾರೆ. ಆದರೆ ಆತ್ಮವಿಶ್ವಾಸ ಕುಸಿದ ಆಟಗಾರನ ವಿಷಯ ಬೇರೆ. 1970ರ ದಶಕದಲ್ಲಿ ಅಮೆರಿಕದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಬೇಸ್‌ಬಾಲ್ ಆಡುವ ಮಕ್ಕಳನ್ನೂ ಅವರ ಕೋಚ್‌ಗಳನ್ನೂ ಗಮನಿಸಿದರು. ತನ್ನ ಬಗ್ಗೆ ತನಗೇ ನಂಬಿಕೆ ಕಡಿಮೆ ಇದ್ದ ಮಕ್ಕಳ ಮೇಲೆಯೇ ಕೋಚ್‌ನ ವರ್ತನೆ ಹೆಚ್ಚು ಪರಿಣಾಮ ಮಾಡಿತ್ತು. ಗಟ್ಟಿ ಹುಡುಗ ಬೈಗುಳವನ್ನು ಒದರಿಕೊಂಡು ಹೋಗುತ್ತಾನೆ. ಇವನು ಅದನ್ನು ರೂಮಿಗೆ ಹೊತ್ತುಕೊಂಡು ಹೋಗುತ್ತಾನೆ.

ಕೇಳುವುದು ಹೇಗೆ? ನೇರ ಕೇಳಿ. "ತಪ್ಪಾದಾಗ ನಾನು ಅಲ್ಲೇ ಹೇಳಬೇಕಾ, ಆಮೇಲೆ ಹೇಳಬೇಕಾ?" ಉತ್ತರ ಮೊದಲ ಸಲ "ಹೇಗಾದ್ರೂ ಸರಿ ಸರ್" ಅಂತಲೇ ಬರುತ್ತದೆ. ಒಂದು ವಾರ ಬಿಟ್ಟು ಮತ್ತೆ ಕೇಳಿ. ಕ್ಯಾಪ್ಟನ್ ಮೂಲಕವೂ ತಿಳಿಯಬಹುದು; ಸೀನಿಯರ್ ಅಣ್ಣನಿಗೆ ತುಳುವಿನಲ್ಲಿ ಹೇಳುವ ಮಾತನ್ನು ಹುಡುಗರು ಸರ್‌ಗೆ ಹೇಳುವುದಿಲ್ಲ.

ಈ ಮಾತುಕತೆಗೆ ನಮ್ಮ ಮಳೆಗಾಲ ಒಳ್ಳೆಯ ಹೊತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬಯಲಿನ ಸಿಮೆಂಟ್ ಕೋರ್ಟ್ ಪಾಚಿ ಹಿಡಿದು ಜಾರುತ್ತದೆ, ಅಲ್ಲಿ ಓಡಿಸಲೇಬೇಡಿ. ವರಾಂಡದಲ್ಲಿ ಗೋಡೆಗೆ ಒಂದು ಗುರುತು ಹಾಕಿ, ಒಂದೇ ಕೈಯಲ್ಲಿ, ಹತ್ತಿರದಿಂದ, ನಿಧಾನಕ್ಕೆ ಶಾಟಿನ ಅಭ್ಯಾಸ ಮಾಡಿಸಿ. ಸ್ಕೋರ್ ಇಲ್ಲ, ನೋಡುವವರಿಲ್ಲ. ಶಾಟ್ ಸರಿಮಾಡಲು ಇಷ್ಟು ನೆಮ್ಮದಿಯ ಜಾಗ ಸೀಸನ್ ಶುರುವಾದ ಮೇಲೆ ಸಿಗುವುದಿಲ್ಲ.

ಓಡಿಸುವ ಶಿಕ್ಷೆ

ಫ್ರೀ ಥ್ರೋ ತಪ್ಪಿದರೆ ಇಡೀ ಟೀಮಿಗೆ ಗೆರೆಯಿಂದ ಗೆರೆಗೆ ಓಟ. ಇದನ್ನು ಬಿಟ್ಟುಬಿಡಿ. ಓಟ ಬೇಕು, ದಮ್ಮಿಗೆ ಬೇಕು, ಅದಕ್ಕೆ ಬೇರೆ ಹೊತ್ತು ಇಡಿ. ಒಬ್ಬನ ತಪ್ಪಿಗೆ ಹನ್ನೊಂದು ಜನ ಈ ಸೆಕೆಯಲ್ಲಿ ಓಡಿದರೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ಸಿಗುವ ಮರ್ಯಾದೆ ಎಂತದು ಅಂತ ನೀವೇ ಯೋಚಿಸಿ.

ಈಗ ಆಟಗಾರನಿಗೆ

ತಮ್ಮಾ, ತಂಗೀ, ಕೋಚ್ ಬದಲಾಗುವವರೆಗೆ ಕಾಯಬೇಡಿ. ಬದಲಾಗದೆಯೂ ಇರಬಹುದು.

ಕೋಚ್ ಹತ್ತಿರ ಮಾತಾಡಲು ಸೋತ ಮ್ಯಾಚಿನ ಸಂಜೆ ಹೋಗಬೇಡಿ. ಮರುದಿನ, ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಮೊದಲು, ಪಿ.ಡಿ. ಸರ್ ರೂಮಿಗೆ ಒಬ್ಬರೇ ಹೋಗಿ. "ನನ್ನನ್ನು ಯಾಕೆ ಆಡಿಸಲ್ಲ ಸರ್" ಅಂತ ಕೇಳಬೇಡಿ, ಅದಕ್ಕೆ ಉತ್ತರವಾಗಿ ಹಳೆಯ ತಪ್ಪುಗಳ ಪಟ್ಟಿ ಬರುತ್ತದೆ. "ಸರ್, ನಾನು ಯಾವ ಒಂದು ವಿಷಯ ಸರಿ ಮಾಡಿದ್ರೆ ನಿಮಗೆ ನನ್ನನ್ನು ಇಳಿಸಲು ಧೈರ್ಯ ಬರ್ತದೆ?" ಅಂತ ಕೇಳಿ. ಒಂದು ವಿಷಯ ಮಾತ್ರ. ಕೋಚ್ ಏನು ಹೇಳುತ್ತಾರೋ ಅದನ್ನು ಅವರ ಎದುರೇ ಬರೆದುಕೊಳ್ಳಿ. ಎರಡು ವಾರ ಬಿಟ್ಟು ಅದೇ ಪುಟ ಹಿಡಿದುಕೊಂಡು ಮತ್ತೆ ಹೋಗಿ.

ಬೈಗುಳದಿಂದ ಕೆಲಸದ ಮಾತನ್ನು ಬೇರೆ ಮಾಡಲು ಕಲಿಯಿರಿ, ಮೊರದಲ್ಲಿ ಅಕ್ಕಿ ಕೇರಿದ ಹಾಗೆ. "ನಿದ್ದೆ ಮಾಡ್ತಿದ್ದೀಯಾ, ಅವನು ಬೇಸ್‌ಲೈನ್ ಕಡೆಯಿಂದ ಎರಡನೇ ಸಲ ಹೋದ!" ಇದರಲ್ಲಿ ನಿದ್ದೆ ಹೊಟ್ಟು. ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ಅಕ್ಕಿ. ರಾತ್ರಿ ನೋಟ್‌ಬುಕ್‌ನಲ್ಲಿ ಅಕ್ಕಿಯನ್ನಷ್ಟೇ ಬರೆಯಿರಿ. ಶಾಟ್ ಬೀಳದ ದಿನವೂ ಡಿಫೆನ್ಸ್ ಆಡಬಹುದು, ರಿಬೌಂಡ್‌ಗೆ ಜಾಗ ಹಿಡಿಯಬಹುದು, ಟೀಮಿಗೆ ಕೂಗಿ ಹೇಳಬಹುದು. ಕೋಚ್ ನಂಬಿಕೆ ಹೆಚ್ಚಾಗಿ ಈ ಬಾಗಿಲಿನಿಂದಲೇ ವಾಪಸ್ ಬರುತ್ತದೆ.

ಒಂದು ಗೆರೆ ಮಾತ್ರ ನೆನಪಿರಲಿ. ಜಾತಿ, ಮನೆಯವರು, ಮೈಬಣ್ಣ, ದೇಹ ಎತ್ತಿ ಆಡುವುದು, ಕೈ ಮಾಡುವುದು, ಗಾಯವಿದ್ದರೂ ಆಡಿಸುವುದು, ಇದೆಲ್ಲ ಕೋಚಿಂಗ್ ಶೈಲಿ ಅಲ್ಲ. ಸಹಿಸಿಕೊಳ್ಳಬೇಡಿ. ದಿನಾಂಕ ಹಾಕಿ ಬರೆದಿಡಿ, ಮನೆಯಲ್ಲಿ ಹೇಳಿ, ಜೊತೆಗಾರರನ್ನು ಕರೆದುಕೊಂಡು ಪ್ರಾಂಶುಪಾಲರಿಗೆ ಬರವಣಿಗೆಯಲ್ಲೇ ಕೊಡಿ.

ಎಷ್ಟು ದಿನ ಕಾಯಬೇಕು?

ನನ್ನ ಅನುಭವದಲ್ಲಿ ಮೂರು, ನಾಲ್ಕು ವಾರ. ಪಾಯಿಂಟುಗಳನ್ನು ನೋಡಬೇಡಿ, ಅವು ಕೊನೆಗೆ ಬರುತ್ತವೆ. ಮೊದಲು ಬದಲಾಗುವುದು ಸಣ್ಣ ಸಂಗತಿಗಳು. ಬಾಲ್ ಕೇಳಿ ಕೈ ಎತ್ತುತ್ತಾನಾ? ತೆರೆದ ಶಾಟನ್ನು ತೆಗೆದುಕೊಳ್ಳುತ್ತಾನಾ? ಅರ್ಥವಾಗದ್ದಕ್ಕೆ "ಸರ್, ಇನ್ನೊಮ್ಮೆ" ಅನ್ನುತ್ತಾನಾ? ನೋಟ್‌ಬುಕ್ ಹಿಡಿದವನಿಗೆ ಈ ಮೂರನ್ನೂ ಎಣಿಸಲು ಹೇಳಿ. ನಾಲ್ಕು ವಾರದಲ್ಲಿ ಮೂರೂ ಅಲ್ಲೇ ಇದ್ದರೆ ಮೊದಲ ಹೆಜ್ಜೆಗೆ ವಾಪಸ್ ಹೋಗಿ, ಮೈಯಲ್ಲೋ ಮನೆಯಲ್ಲೋ ಏನೋ ನಿಮ್ಮ ಕಣ್ಣು ತಪ್ಪಿದೆ.

ನಮ್ಮ ಬಿ.ಕಾಂ. ಹುಡುಗ ಆ ವರ್ಷ ದೊಡ್ಡ ಸ್ಕೋರರ್ ಏನೂ ಆಗಲಿಲ್ಲ. ಅಂತರ ಕಾಲೇಜು ಟೂರ್ನಮೆಂಟಿನ ಒಂದು ಮ್ಯಾಚಿನಲ್ಲಿ ಅವನ ನಾಲ್ಕು ನಿಮಿಷ ಬಂತು. ಎಡ ಮೂಲೆಯಲ್ಲಿ ಬಾಲ್ ಸಿಕ್ಕಿತು, ಎದುರು ಯಾರೂ ಇರಲಿಲ್ಲ, ಎಸೆದ. ರಿಂಗಿನ ಹಿಂದಿನ ಅಂಚಿಗೆ ಬಡಿದು ಹೊರಗೆ ಹಾರಿತು. ನಾನು ಬೆಂಚಿನಲ್ಲಿ ಮುಖ ಸರಿಮಾಡಿಕೊಂಡು ಕೂತಿದ್ದೆ, ಈಗ ನೋಡುತ್ತಾನೆ ಅಂತ. ಅವನು ಈ ಕಡೆ ತಿರುಗಲೇ ಇಲ್ಲ. "ನಂಬರ್ ಎಂಟು ನನ್ನದು" ಅಂತ ಕೂಗುತ್ತಾ ಡಿಫೆನ್ಸ್‌ಗೆ ಹಿಂದಕ್ಕೆ ಓಡಿದ.